ಹೆಣ್ಣಾಳು, ಗಂಡಾಳು: ಕೋಡಿಹಳ್ಳಿ ಸೀಮೆಯ ಬದಲಾದ ದುಡಿಮೆ

ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದ ಮೇಲೆ ರೇಷ್ಮೆ ಸಾಕುವ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇರುವುದಿಲ್ಲ. ಹುಟ್ಟಿದಾಗಿನಿಂದ ಗೂಡು ಕಟ್ಟುವವರೆಗೆ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲನ್ನಾದರೂ ಹುಳು ಮುಂದಿನ ಏಳೆಂಟು ದಿನದಲ್ಲೇ ತಿಂದು ಮುಗಿಸುತ್ತದೆ. ನಸುಕಿಗೇ ತೋಟಕ್ಕೆ ಹೋಗಿ ರೆಂಬೆ ಕುಯ್ದು ತರಬೇಕು, ಸೊಪ್ಪು ಬಾಡದ ಹಾಗೆ ಒದ್ದೆ ಗೋಣಿ ಹೊದಿಸಬೇಕು, ಹಿಕ್ಕೆ ತೆಗೆಯಬೇಕು, ರೋಗ ತಗುಲಿದ ಹುಳುವನ್ನು ಆರಿಸಿ ಬಿಸಾಡಬೇಕು. ಹುಳು ಹಣ್ಣಾದ ದಿನವಂತೂ ಮನೆಮಂದಿಯೆಲ್ಲ ಸಾಲದೆ ಅಕ್ಕಪಕ್ಕದವರನ್ನೂ ಕರೆದು ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕಾಗುತ್ತದೆ. ಕನಕಪುರ ತಾಲ್ಲೂಕಿನ ಕೋಡಿಹಳ್ಳಿ ಹೋಬಳಿಯಲ್ಲಾಗಲಿ, ರಾಮನಗರ, ಚನ್ನಪಟ್ಟಣ, ಮಾಗಡಿಯ ಹಳ್ಳಿಗಳಲ್ಲಾಗಲಿ, ಈ ಕೆಲಸದ ಹೆಚ್ಚಿನ ಪಾಲು ಹೆಂಗಸರದ್ದು. ಗೂಡು ಬಿಡಿಸಿ ಚೀಲಕ್ಕೆ ತುಂಬಿದ ಮೇಲೆ ರಾಮನಗರದ ಮಾರುಕಟ್ಟೆಗೆ ಹೊರಡುವವರು ಮಾತ್ರ ಗಂಡಸರು. ಅಲ್ಲಿ ಹರಾಜು ಈಗ ಕಂಪ್ಯೂಟರಿನಲ್ಲಿ ನಡೆಯುತ್ತದೆ, ಹಣ ನೇರ ಬ್ಯಾಂಕ್ ಖಾತೆಗೆ ಬೀಳುತ್ತದೆ. ಆ ಖಾತೆ ಸಾಮಾನ್ಯವಾಗಿ ಪಹಣಿ ಯಾರ ಹೆಸರಿನಲ್ಲಿದೆಯೋ ಅವರದು.

ಹೆಂಗಸರ ದುಡಿಮೆಯ ಬಗ್ಗೆ ಈಚಿನ ವರ್ಷಗಳ ಚರ್ಚೆಯೆಲ್ಲ ಒಂದು ಅಂಕಿಯ ಸುತ್ತ ನಡೆದಿದೆ. ಕೇಂದ್ರ ಸರ್ಕಾರದ ಕಾರ್ಮಿಕ ಸಮೀಕ್ಷೆಯಂತೆ, 15 ವರ್ಷ ದಾಟಿದ ಹೆಣ್ಣುಮಕ್ಕಳಲ್ಲಿ ಕೆಲಸದಲ್ಲಿರುವವರು ಮತ್ತು ಕೆಲಸ ಹುಡುಕುವವರು ಸೇರಿ 2017-18ರಲ್ಲಿ ನೂರಕ್ಕೆ 23.3ರಷ್ಟಿದ್ದರು. 2023-24ರ ಹೊತ್ತಿಗೆ ಅದು 41.7ಕ್ಕೆ ಏರಿತು. ಹಳ್ಳಿಗಾಡಿನಲ್ಲಿ ಏರಿಕೆ ಇನ್ನೂ ಜೋರು: 24.6ರಿಂದ 47.6ಕ್ಕೆ. ಹೆಣ್ಣುಮಕ್ಕಳು ಮನೆ ಬಿಟ್ಟು ಹೊರಬಂದರು ಎಂದು ಒಂದು ಕಡೆಯವರು ಸಂತೋಷಪಟ್ಟರು. ಸಂಸಾರ ನಡೆಯದೆ ಬಂದರು ಎಂದು ಇನ್ನೊಂದು ಕಡೆಯವರು ಮರುಗಿದರು. ಅಂಕಿಯ ಒಳಗೆ ಇಳಿದು ನೋಡಿದರೆ ಹಳ್ಳಿಯ ದುಡಿಯುವ ಹೆಂಗಸರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿ ‘ಸ್ವಯಂ ಉದ್ಯೋಗಿಗಳು’. ಅವರಲ್ಲಿ ದೊಡ್ಡ ಪಾಲು ಮನೆಯ ಹೊಲ, ಕೊಟ್ಟಿಗೆ, ಅಂಗಡಿಯಲ್ಲಿ ಸಂಬಳವಿಲ್ಲದೆ ದುಡಿಯುವವರು.

ಹುಳುಮನೆಯ ಹೆಂಗಸು 2017ರಲ್ಲೂ ಸೊಪ್ಪು ಹಾಕುತ್ತಿದ್ದಳು. ಸಮೀಕ್ಷೆಯವರು ಬಂದು ಕೇಳಿದರೆ ‘ಮನೇಲೇ ಇರ್ತೀನಿ’ ಎಂದೇ ಹೇಳುತ್ತಿದ್ದಳು, ಇವತ್ತೂ ಎಷ್ಟೋ ಮಂದಿ ಹಾಗೇ ಹೇಳುತ್ತಾರೆ. ಅವಳನ್ನು ಎಣಿಕೆಗೆ ತಂದದ್ದು ಒಳ್ಳೆಯದೇ. ಆದರೆ ಈ ಸೀಮೆಯಲ್ಲಿ ಹೆಂಗಸರ ಸ್ಥಿತಿ ಬದಲಾಯಿತೇ ಎಂದು ತಿಳಿಯಲು ನನಗೆ ಬೇಕಾದದ್ದು ಬೇರೆ ಎರಡು ಉತ್ತರ. ದುಡಿದ ಹಣ ಯಾರ ಹೆಸರಿಗೆ ಬರುತ್ತದೆ? ಆ ಕೆಲಸ ಅವಳನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತದೆ?

ಹೊಲದ ಕೆಲಸದಿಂದಲೇ ನೋಡೋಣ. ಕೋಡಿಹಳ್ಳಿ ಕಡೆ ಮಳೆಯಾಶ್ರಯದ ರಾಗಿ. ಉಳುಮೆ, ಬಿತ್ತನೆ, ಗಾಡಿ ಕೆಲಸ ಗಂಡಾಳಿನದು. ಪೈರು ನಾಟಿ, ಕಳೆ, ಕೊಯ್ಲಿನ ಬಹುಪಾಲು ಹೆಣ್ಣಾಳಿನದು. ದಿನವೆಲ್ಲ ಬಗ್ಗಿ ಕಳೆ ಕಿತ್ತವಳಿಗೆ ಕೂಲಿ ಕಡಿಮೆ, ಅದೇ ಹೊಲದಲ್ಲಿ ಮೂಟೆ ಹೊತ್ತವನಿಗೆ ಹೆಚ್ಚು. 1976ರಲ್ಲೇ ಸಮಾನ ವೇತನ ಕಾಯ್ದೆ ಬಂದಿದ್ದರೂ ಹೊಲದ ಬದುವಿನ ಮೇಲೆ ಎರಡು ದರ ನಡೆದುಕೊಂಡೇ ಬಂದಿದೆ. ಕೆಲಸವೇ ಬೇರೆ, ಅದಕ್ಕೇ ಕೂಲಿ ಬೇರೆ ಎಂದು ಸಮಜಾಯಿಷಿ ಕೊಡುತ್ತಾರೆ. ಕಳೆ ಕೀಳುವುದು ಹಗುರ ಎಂದು ನಿಶ್ಚಯ ಮಾಡಿದವರು ಕಳೆ ಕಿತ್ತವರಲ್ಲ.

ಆಮೇಲೆ ಟ್ರ್ಯಾಕ್ಟರ್ ಬಂತು, ಕಟಾವು ಯಂತ್ರ ಬಂತು, ಕಳೆನಾಶಕ ಬಂತು. ಡೆನ್ಮಾರ್ಕಿನ ಅರ್ಥಶಾಸ್ತ್ರಜ್ಞೆ ಎಸ್ಟರ್ ಬೋಸರಪ್ 1970ರಲ್ಲಿ ಬರೆದ ಪುಸ್ತಕದಲ್ಲಿ, ಬೇಸಾಯಕ್ಕೆ ಹೊಸ ಉಪಕರಣ ಬಂದಾಗ ಅದು ಗಂಡಸಿನ ಕೈಗೆ ಹೋಗುತ್ತದೆ, ಹೆಂಗಸಿಗೆ ಹಳೆಯ ಕೈಕೆಲಸ ಉಳಿಯುತ್ತದೆ ಎಂದು ತೋರಿಸಿದ್ದರು. ನಮ್ಮ ಕಡೆ ಆದದ್ದೂ ಅದೇ, ಒಂದು ಹೆಜ್ಜೆ ಮುಂದಕ್ಕೆ: ಯಂತ್ರ ಗಂಡಸಿನ ಕೈಗೆ ಹೋಯಿತು, ಹೆಂಗಸಿನ ಕೈಕೆಲಸವೂ ಕರಗಿತು. 2005ರ ಉದ್ಯೋಗ ಖಾತ್ರಿ ಕಾಯ್ದೆ ಆ ಜಾಗಕ್ಕೆ ಬಂದಾಗ ಹೆಂಗಸರು ಅದನ್ನು ಹಿಡಿದುಕೊಂಡದ್ದಕ್ಕೆ ಕಾರಣ ಸರಳ. ಅಲ್ಲಿ ಗಂಡಾಳು ಹೆಣ್ಣಾಳು ಎಂಬ ಭೇದವಿರಲಿಲ್ಲ. 2025-26ರಲ್ಲಿ ಕರ್ನಾಟಕದಲ್ಲಿ ದಿನಕ್ಕೆ 370 ರೂಪಾಯಿ, ಇಬ್ಬರಿಗೂ ಒಂದೇ. ರಾಜ್ಯದಲ್ಲಿ ಆ ಕೆಲಸದ ಮಾನವ ದಿನಗಳಲ್ಲಿ ಸುಮಾರು ಅರ್ಧ ಹೆಂಗಸರದಾಯಿತು.

ರೇಷ್ಮೆಯ ಕತೆ ಸ್ವಲ್ಪ ಬೇರೆ. ಹಿಂದೆ ಒಂದೊಂದೇ ಎಲೆ ಬಿಡಿಸಿ, ಹೆಚ್ಚಿ, ದಿನಕ್ಕೆ ನಾಲ್ಕೈದು ಸಲ ತಟ್ಟೆ ತಟ್ಟೆಗೂ ಹಾಕಬೇಕಿತ್ತು. ಚಾಕಿ ಕೇಂದ್ರಗಳು ಬಂದ ಮೇಲೆ ಎರಡನೇ ಜ್ವರದ ತನಕ ಮರಿಹುಳುವನ್ನು ಅವರೇ ಸಾಕಿ ಕೊಡುತ್ತಾರೆ. ರೆಂಬೆ ಪದ್ಧತಿ ಬಂದ ಮೇಲೆ ಇಡೀ ಕಡ್ಡಿಯನ್ನೇ ಸ್ಟ್ಯಾಂಡಿನ ಮೇಲೆ ಹಾಸಿದರೆ ಆಯಿತು, ದಿನಕ್ಕೆ ಎರಡು ಮೂರು ಸಲ. ಬೇಸಾಯದಲ್ಲಿ ಹೆಂಗಸಿನ ಬೆನ್ನಿನ ಭಾರವನ್ನು ನಿಜವಾಗಿ ಇಳಿಸಿದ ಬದಲಾವಣೆ ಎಂದರೆ ನನಗೆ ಮೊದಲು ನೆನಪಾಗುವುದು ಇದೇ. ಉಳಿದ ಹೊತ್ತಿನಲ್ಲಿ ಎಷ್ಟೋ ಹೆಣ್ಣುಮಕ್ಕಳು ಗಾರ್ಮೆಂಟ್ಸ್ ವ್ಯಾನು ಹತ್ತಿದರು. ಹಣದ ಹಾದಿ ಮಾತ್ರ ಬದಲಾಗಲಿಲ್ಲ.

ಅದು ಬದಲಾಗುವುದಕ್ಕೆ ಸಾಧ್ಯವಿತ್ತು ಎನ್ನುವುದಕ್ಕೆ ಸಾಕ್ಷಿ ಡೈರಿ. ಬೆಂಗಳೂರು ಹಾಲು ಒಕ್ಕೂಟದ ವ್ಯಾಪ್ತಿಗೆ ಈ ಸೀಮೆಯೂ ಸೇರಿದೆ. ಇಲ್ಲಿನ ಹಲವು ಊರುಗಳಲ್ಲಿ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘಗಳಿವೆ. ಸದಸ್ಯರೂ ಅವರೇ, ಕಾರ್ಯದರ್ಶಿಯೂ ಅವರೇ, ಬಟವಾಡೆಯೂ ಅವರ ಹೆಸರಿಗೇ. ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನವೂ ಆ ಖಾತೆಗೇ. ಹಾಲು ಕರೆಯುವವಳ ಹೆಸರಿನಲ್ಲಿ ಪಾಸ್‌ಬುಕ್ ಇದ್ದರೆ ಮಗಳ ಕಾಲೇಜು ಫೀಜಿಗೆ ಅವಳು ಯಾರ ಮುಖವನ್ನೂ ನೋಡಬೇಕಿಲ್ಲ. ಹಸು ಬದಲಾಗಿಲ್ಲ, ಹಾಲು ಬದಲಾಗಿಲ್ಲ, ಬೈಲಾ ಬದಲಾಯಿತು. ಗೂಡಿನ ಮಾರುಕಟ್ಟೆಯಲ್ಲಿ ಗಂಡ ಹೆಂಡಿರ ಜಂಟಿ ಖಾತೆಗೇ ಹಣ ಎಂದು ನಿಯಮ ಮಾಡಲು ರೇಷ್ಮೆ ಇಲಾಖೆಗೆ ಹೆಚ್ಚಿನ ಖರ್ಚಿಲ್ಲ. ಪಹಣಿಯ ಮಾತಿಗೆ ಬಂದರೆ, ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎಂದು ಕರ್ನಾಟಕ 1994ರಲ್ಲೇ, ದೇಶದ ಕಾನೂನಿಗಿಂತ ಹನ್ನೊಂದು ವರ್ಷ ಮೊದಲೇ ಜಾರಿಗೆ ತಂದಿತ್ತು. ಆದರೂ 2015-16ರ ಕೃಷಿ ಗಣತಿಯಲ್ಲಿ ದೇಶದ ಸಾಗುವಳಿ ಹಿಡುವಳಿಗಳಲ್ಲಿ ಹೆಂಗಸರವು ನೂರಕ್ಕೆ 14ರ ಆಸುಪಾಸು. ತವರಿನ ಸಂಬಂಧ ಕೆಡುತ್ತದೆಂದು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಅಕ್ಕತಂಗಿಯರು ಈಗಲೂ ಎಲ್ಲ ಊರಲ್ಲೂ ಇದ್ದಾರೆ.

ಗೂಡಿನಿಂದ ನೂಲು ತೆಗೆಯುವ ರಾಮನಗರ, ಮಾಗಡಿಯ ಬಿಚ್ಚಣಿಕೆ ಮನೆಗಳದು ಹೆಚ್ಚು ನೋವಿನ ಅಧ್ಯಾಯ. ಕುದಿಯುವ ನೀರಿನಲ್ಲಿ ಬೆಂದ ಗೂಡಿನ ಎಳೆಯನ್ನು ಬರಿಗೈಯಲ್ಲಿ ಹಿಡಿದು ಹಿಡಿದು ಬೆರಳ ಸಂದಿಯೆಲ್ಲ ಹುಣ್ಣಾದ ಹೆಂಗಸರು ಅಲ್ಲಿದ್ದರು, ಮಕ್ಕಳೂ ಇದ್ದರು. ಮುಂಗಡದ ಸಾಲಕ್ಕೆ ಮಕ್ಕಳನ್ನು ದುಡಿಸಿಕೊಂಡದ್ದನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರ ವರದಿಯಲ್ಲಿ ದಾಖಲಿಸಿದೆ. ಈಗ ಸ್ವಯಂಚಾಲಿತ ಯಂತ್ರಗಳು ಬರುತ್ತಿವೆ, ಅವುಗಳಿಗೆ ಕೆಲವೇ ಕೈ ಸಾಕು. ಕೈ ಬೆಂದುಹೋಗುವ ಕೆಲಸ ತಪ್ಪಿದ್ದು ಒಳ್ಳೆಯದು. ಆ ಕೈಗಳಿಗೆ ಬೇರೆ ಕೆಲಸ ಕಲಿಸುವ ಏರ್ಪಾಡು ಜೊತೆಗೇ ಬರಬೇಕಿತ್ತು. ಚನ್ನಪಟ್ಟಣದಲ್ಲಿ ಅಂಥದ್ದೊಂದು ಸಣ್ಣ ಪ್ರಯತ್ನ ನಡೆದಿದೆ. ಹಾಲೆ ಮರವನ್ನು ಕಡೆಯುವ ಪಟ್ಟಡಿಯಲ್ಲಿ ಒಂದು ಕಾಲಕ್ಕೆ ಕೂರುತ್ತಿದ್ದವರು ಗಂಡಸರು. ಹೆಂಗಸರು ಗೊಂಬೆ ಜೋಡಿಸುವುದು, ಬಣ್ಣ ಬರೆಯುವುದಷ್ಟೇ. ವಿದ್ಯುತ್ ಲೇತ್ ಬಂದು ತರಬೇತಿ ಸಿಕ್ಕ ಮೇಲೆ ತಾವೇ ಕಡೆದು, ಅರಗು ಹಿಡಿದು, ತಾಳೆಗರಿಯಲ್ಲಿ ಮೆರುಗು ಕೊಡುವ ಹೆಂಗಸರನ್ನು ಅಲ್ಲಿ ಕಾಣಬಹುದು.

ಇನ್ನು ಗಾರ್ಮೆಂಟ್ಸ್. ಇದರ ಬಗ್ಗೆ ಹೆಚ್ಚು ಬರೆಯಲೇಬೇಕು, ಯಾಕೆಂದರೆ ಈ ಸೀಮೆಯ ಹೆಣ್ಣುಮಕ್ಕಳ ಕೈಗೆ ತಿಂಗಳ ಸಂಬಳ, ಪಿ.ಎಫ್., ಇ.ಎಸ್.ಐ. ಕಾರ್ಡು ಮೊದಲು ಬಂದದ್ದು ಇದರಿಂದ. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯಲ್ಲಿ ಬೆಳೆದ ಈ ಉದ್ಯಮ ಬಾಡಿಗೆ, ಸಂಬಳ ದುಬಾರಿಯಾದಂತೆ ಹೊರವಲಯಕ್ಕೆ ಸರಿಯಿತು. ರಾಮನಗರ, ಕನಕಪುರ, ಮದ್ದೂರು, ಶ್ರೀರಂಗಪಟ್ಟಣದವರೆಗೂ ಕಾರ್ಖಾನೆಗಳು ಬಂದವು. ದುಡಿಯುವವರಲ್ಲಿ ನೂರಕ್ಕೆ ಎಂಬತ್ತು ಮಂದಿಯಾದರೂ ಹೆಂಗಸರು. ಹೆಲ್ಪರ್ ಆಗಿ ಸೇರಿ, ದಾರ ಕತ್ತರಿಸುತ್ತ ಮಷಿನ್ ಕಲಿತು, ಟೈಲರ್ ಆಗುತ್ತಾರೆ. ಒಬ್ಬಳು ದಿನವೆಲ್ಲ ಕಾಲರನ್ನೇ ಹೊಲಿಯುತ್ತಾಳೆ, ಇನ್ನೊಬ್ಬಳು ತೋಳನ್ನೇ. ಗಂಟೆಗೆ ಇಷ್ಟು ಪೀಸ್ ಎಂದು ಲೈನಿನ ಮುಂದಿನ ಬೋರ್ಡಿನಲ್ಲಿ ಬರೆದಿರುತ್ತದೆ. ಟಾರ್ಗೆಟ್ ಆಗದಿದ್ದರೆ ಸೂಪರ್‌ವೈಸರ್ ಬಯ್ಯುತ್ತಾನೆ. ನೀರು ಕುಡಿದರೆ ಶೌಚಾಲಯಕ್ಕೆ ಏಳಬೇಕಾಗುತ್ತದೆಂದು ನೀರನ್ನೇ ಕಡಿಮೆ ಕುಡಿಯುವವರಿದ್ದಾರೆ. ಮೂತ್ರದ ಸೋಂಕು, ಬೆನ್ನುನೋವು, ರಕ್ತಹೀನತೆ ಅಲ್ಲಿ ಮಾಮೂಲು.

ಅಷ್ಟಾದರೂ ಅವರು ಅದನ್ನು ಬಿಡಲೊಪ್ಪುವುದಿಲ್ಲ. ಹೊಲದ ಕೂಲಿ ವರ್ಷವಿಡೀ ಸಿಗುವುದಿಲ್ಲ, ಸಂಬಳ ತಿಂಗಳು ತಿಂಗಳೂ ಬರುತ್ತದೆ. ಜಾತಿಯ ಹೆಸರು ಹಿಡಿದು ಕರೆಯುವ ಗೌಡರ ಮನೆಯ ಹೊಲಕ್ಕಿಂತ, ಎಲ್ಲರೂ ಒಂದೇ ಏಪ್ರನ್ ತೊಟ್ಟು ಕೂರುವ ಲೈನು ಎಷ್ಟೋ ದಲಿತ ಹೆಣ್ಣುಮಕ್ಕಳಿಗೆ ಹೆಚ್ಚು ಮರ್ಯಾದೆಯ ಜಾಗವಾಯಿತು. ಗಾರ್ಮೆಂಟ್ಸ್ ಅನ್ನು ಶೋಷಣೆ ಎಂದಷ್ಟೇ ಬರೆದು ಕೈತೊಳೆದುಕೊಳ್ಳುವವರು ಇದನ್ನು ಗಮನಿಸಬೇಕು.

2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ, ಪಿ.ಎಫ್.ನಲ್ಲಿ ಮಾಲೀಕರು ಕಟ್ಟುವ ಪಾಲನ್ನು 58 ವರ್ಷವಾಗುವವರೆಗೆ ತೆಗೆಯುವಂತಿಲ್ಲ ಎಂದು ಆದೇಶ ಹೊರಡಿಸಿತು. ಏಪ್ರಿಲ್ 18 ಮತ್ತು 19ರಂದು ಸಾವಿರ ಸಾವಿರ ಹೆಂಗಸರು, ಯಾವ ದೊಡ್ಡ ಸಂಘಟನೆಯೂ ಕರೆ ಕೊಡದೆ, ಮಷಿನ್ ಬಿಟ್ಟು ಎದ್ದು ಬಂದು ಹೊಸೂರು ರಸ್ತೆಯಲ್ಲಿ, ತುಮಕೂರು ರಸ್ತೆಯಲ್ಲಿ ಕುಳಿತರು. ಬೆಂಗಳೂರು ನಿಂತುಹೋಯಿತು. 19ರ ಸಂಜೆಯ ಹೊತ್ತಿಗೆ ಕೇಂದ್ರ ಆದೇಶವನ್ನೇ ಹಿಂದಕ್ಕೆ ಪಡೆಯಿತು. ಪಟ್ಟಣದ ಮಂದಿಗೆ ಆ ಸಿಟ್ಟು ಅರ್ಥವಾಗಲಿಲ್ಲ. ಮುಪ್ಪಿನ ಕಾಲಕ್ಕೆ ಹಣ ಉಳಿದರೆ ಇವರಿಗೇ ಒಳ್ಳೆಯದಲ್ಲವೇ ಎಂದರು. ಗಾರ್ಮೆಂಟ್ಸ್‌ನಲ್ಲಿ 58ರವರೆಗೆ ಯಾರೂ ಇರುವುದಿಲ್ಲ ಎಂಬುದು ಆ ಹೆಂಗಸರಿಗೆ ಗೊತ್ತಿತ್ತು. ಕಣ್ಣು ಮಂಜಾಗಿ, ಸೊಂಟ ಹಿಡಿದು, ನಲವತ್ತರ ಆಚೀಚೆಗೆ ಲೈನಿನಿಂದ ಹೊರಬೀಳುವವರೇ ಹೆಚ್ಚು. ಮಗಳ ಮದುವೆಗೆ, ಸಂಘದ ಸಾಲಕ್ಕೆ, ಮನೆಗೆ ತಾರಸಿ ಹಾಕಿಸುವುದಕ್ಕೆ ಪಿ.ಎಫ್. ಒಂದೇ ಗಂಟು. ಅದನ್ನು ತೆಗೆಯಲೆಂದೇ ಕೆಲಸಕ್ಕೆ ರಾಜೀನಾಮೆ ಕೊಟ್ಟು ಇನ್ನೊಂದು ಕಡೆ ಸೇರುತ್ತಿದ್ದರು. ಐದು ವರ್ಷ ತುಂಬದೆ ಗ್ರಾಚ್ಯುಟಿ ಕೈತಪ್ಪುತ್ತಿತ್ತು. ಇಪ್ಪತ್ತು ವರ್ಷ ಹೊಲಿದವಳೂ ಕಾಗದದ ಮೇಲೆ ಹೊಸಬಳೇ.

ಕೊರೊನಾ ಬಂದಾಗ ಈ ಕೆಲಸ ಎಷ್ಟು ತೆಳುವಾದ ದಾರದಲ್ಲಿ ತೂಗುತ್ತಿದೆ ಎಂದು ಕಂಡಿತು. 2020ರ ಏಪ್ರಿಲ್‌ನಿಂದ ಬರಬೇಕಿದ್ದ ತುಟ್ಟಿಭತ್ಯೆಯ ಏರಿಕೆ, ತಿಂಗಳಿಗೆ 417 ರೂಪಾಯಿ ಚಿಲ್ಲರೆ, ತಡೆಹಿಡಿಯಲ್ಪಟ್ಟಿತು. ವಿಷಯ ಹೈಕೋರ್ಟಿಗೆ ಹೋಯಿತು, ದೊಡ್ಡ ಕಾರ್ಖಾನೆಗಳು ಬಾಕಿ ಕೊಡಲು ಶುರುಮಾಡಿದ್ದು 2022ರ ಆರಂಭದಲ್ಲಿ. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಒಂದು ಕಾರ್ಖಾನೆ ಸಾವಿರಕ್ಕೂ ಹೆಚ್ಚು ಮಂದಿಯನ್ನು ಒಂದೇ ಏಟಿಗೆ ಹೊರಹಾಕಿದಾಗ ಹೆಂಗಸರು ವಾರಗಟ್ಟಲೆ ಬಾಗಿಲಲ್ಲೇ ಧರಣಿ ಕೂತರು. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕಿಗೆ ನೂರಕ್ಕೆ 50 ಸುಂಕ ಹೇರಿದಾಗ ಅದರ ಬಿಸಿ ತಟ್ಟಿದ್ದೂ ಇದೇ ಲೈನುಗಳಿಗೆ.

ಕೋಡಿಹಳ್ಳಿಯಂಥ ಊರಿಗೆ ಮುಖ್ಯವಾದ ಇನ್ನೊಂದು ಸಂಗತಿ ಬಸ್ಸು. 2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಬಿಟ್ಟಿ ಪ್ರಯಾಣ ಕೊಡುವ ಶಕ್ತಿ ಯೋಜನೆ ಶುರುವಾದಾಗ ದೇವಸ್ಥಾನಗಳ ಜಾತ್ರೆಯ ಚಿತ್ರಗಳೇ ಪತ್ರಿಕೆಗಳಲ್ಲಿ ತುಂಬಿದ್ದವು. ಕೆಲಸಕ್ಕೆ ಹೋಗುವವಳ ಲೆಕ್ಕ ಬೇರೆ. ಕೋಡಿಹಳ್ಳಿಯಿಂದ ಕನಕಪುರ, ಅಲ್ಲಿಂದ ಹಾರೋಹಳ್ಳಿ ಕೈಗಾರಿಕಾ ಪ್ರದೇಶ. ಇಲ್ಲವೇ ರೇಷ್ಮೆ ಸಂಸ್ಥೆಯ ಮೆಟ್ರೊ ನಿಲ್ದಾಣದವರೆಗೆ ಬಸ್ಸು, ಮುಂದೆ ಬೆಂಗಳೂರು. ಕನಕಪುರ ರಸ್ತೆಯ ಮೆಟ್ರೊ 2021ರ ಜನವರಿಯಲ್ಲಿ ಅಲ್ಲಿಯವರೆಗೆ ಬಂತು. ಹೋಗಿಬರುವ ಖರ್ಚೇ ಸಂಬಳದಲ್ಲಿ ದೊಡ್ಡ ಪಾಲು ತಿನ್ನುತ್ತಿದ್ದಾಗ ದೂರದ ಒಳ್ಳೆಯ ಕೆಲಸಕ್ಕಿಂತ ಹತ್ತಿರದ ಕಡಿಮೆ ಸಂಬಳದ ಕೆಲಸವೇ ಗತಿ. ಟಿಕೆಟ್ ಇಲ್ಲವೆಂದಾದ ಮೇಲೆ ಹೆಣ್ಣುಮಗಳು ಹುಡುಕಬಹುದಾದ ಕೆಲಸದ ಸುತ್ತಳತೆ ದೊಡ್ಡದಾಯಿತು. ನನ್ನ ದೃಷ್ಟಿಯಲ್ಲಿ ಈಚಿನ ಯೋಜನೆಗಳಲ್ಲಿ ಹೆಂಗಸರ ದುಡಿಮೆಗೆ ನೇರವಾಗಿ ಒದಗಿದ್ದು ಇದು. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರು; ನಸುಕಿನ ಬಸ್ಸಿನಲ್ಲಿ ಹೋಗುವ ಹೆಂಗಸರು ಆ ಎರಡು ಊರನ್ನು ಎಂದೋ ಸೇರಿಸಿಯಾಗಿತ್ತು.

ಬಸ್ಸು ಬಿಟ್ಟಿಯಾದರೆ ಸಾಲದು, ಹೊತ್ತಿಗೆ ಬರಬೇಕು. 2023ರಲ್ಲಿ ಕರ್ನಾಟಕ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ದಿನಕ್ಕೆ 12 ಗಂಟೆಯವರೆಗೆ ದುಡಿಸಲು, ಹೆಂಗಸರನ್ನು ರಾತ್ರಿ ಪಾಳಿಗೆ ಹಾಕಲು ಅವಕಾಶ ಮಾಡಿತು. 2025ರ ನವೆಂಬರ್ 21ರಂದು ಜಾರಿಯಾದ ಕೇಂದ್ರದ ಕಾರ್ಮಿಕ ಸಂಹಿತೆಗಳೂ ರಾತ್ರಿ ಪಾಳಿಗೆ ಒಪ್ಪಿಗೆ ಕೊಟ್ಟಿವೆ. ಹೆಂಗಸಿನ ಒಪ್ಪಿಗೆ ಬೇಕು, ವಾಹನ ಕೊಡಬೇಕು ಎಂಬ ಷರತ್ತುಗಳಿವೆ. ರಾತ್ರಿ ಕೆಲಸ ನಿಷೇಧಿಸಿ ಹೆಂಗಸರನ್ನು ಕಾಪಾಡುತ್ತೇವೆ ಎನ್ನುವುದು ನನಗೂ ಒಪ್ಪಿಗೆಯಿಲ್ಲ. ಆದರೆ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಒಂದು ವಲಯದ ಹೆಸರೇ ಕೋಡಿಹಳ್ಳಿ. ಕಾಡಂಚಿನ ಹೊಲಗಳಿಗೆ ಕತ್ತಲಾದ ಮೇಲೆ ಆನೆ ಇಳಿಯುವ ಸೀಮೆಯಿದು. ಕಂಪನಿಯ ವ್ಯಾನು ಮುಖ್ಯರಸ್ತೆಯಲ್ಲಿ ಇಳಿಸಿ ಹೋದರೆ ಅಲ್ಲಿಂದ ಹಟ್ಟಿಯವರೆಗಿನ ದಾರಿಗೆ ಯಾರು ಹೊಣೆ?

ಮೇಲಿನ ಹುದ್ದೆಗೆ ಹೆಂಗಸರು ಯಾಕೆ ಏರುವುದಿಲ್ಲ ಎಂಬ ಪ್ರಶ್ನೆಗೂ ಉತ್ತರ ಇದೇ ಹೊತ್ತಿನಲ್ಲಿದೆ. 2023ರಲ್ಲಿ ನೊಬೆಲ್ ಪಡೆದ ಅಮೆರಿಕದ ಅರ್ಥಶಾಸ್ತ್ರಜ್ಞೆ ಕ್ಲಾಡಿಯಾ ಗೋಲ್ಡಿನ್ ತೋರಿಸಿಕೊಟ್ಟದ್ದು ಇದನ್ನೇ: ಹೊತ್ತುಗೊತ್ತು ನೋಡದೆ ಕರೆದಾಗ ಬರುವವರಿಗೆ ಹೆಚ್ಚು ಸಂಬಳ ಕೊಡುವ ಕೆಲಸಗಳಲ್ಲಿ, ಮಗುವಾದ ಮೇಲೆ ಹೆಂಗಸು ಹಿಂದುಳಿಯುತ್ತಾಳೆ. ಅವರು ಅಧ್ಯಯನ ಮಾಡಿದ್ದು ಅಮೆರಿಕದ ವಕೀಲೆಯರು, ಬ್ಯಾಂಕಿನವರು. ಸಾಗಣೆಯ ಗಡುವು ಬಂದಾಗ ರಾತ್ರಿ ಒಂಬತ್ತರವರೆಗೆ ನಿಲ್ಲಬಲ್ಲವನೇ ನಮ್ಮಲ್ಲಿ ಸೂಪರ್‌ವೈಸರ್ ಆಗುತ್ತಾನೆ. ಏಳು ಗಂಟೆಯ ಬಸ್ಸು ತಪ್ಪಿದರೆ ಮನೆ ಸೇರಲಾಗದವಳು ಟೈಲರ್ ಆಗಿಯೇ ಉಳಿಯುತ್ತಾಳೆ. ನರಸಾಪುರ, ದೇವನಹಳ್ಳಿಯ ಹೊಸ ಮೊಬೈಲ್ ಕಾರ್ಖಾನೆಗಳು ಈ ತೊಡಕಿಗೆ ಕಂಡುಕೊಂಡ ದಾರಿ ಹಾಸ್ಟೆಲ್: ಇಪ್ಪತ್ತರ ಆಸುಪಾಸಿನ ಹುಡುಗಿಯರನ್ನು ಅಲ್ಲೇ ಇಟ್ಟು ಪಾಳಿ ನಡೆಸುವುದು. ತಮಿಳುನಾಡಿನ ಶ್ರೀಪೆರಂಬುದೂರಿನ ಐಫೋನ್ ಕಾರ್ಖಾನೆಯಲ್ಲಿ ಮದುವೆಯಾದವರನ್ನು ತೆಗೆದುಕೊಳ್ಳುತ್ತಿಲ್ಲ ಎಂದು 2024ರ ಜೂನ್‌ನಲ್ಲಿ ವರದಿಯಾಗಿ ಕೇಂದ್ರ ಕಾರ್ಮಿಕ ಇಲಾಖೆ ರಾಜ್ಯದಿಂದ ವಿವರಣೆ ಕೇಳಿತ್ತು. ಮದುವೆಯ ತನಕ ಮಾತ್ರ ಎಂಬುದು ಕಾರ್ಖಾನೆಯ ನಿಯಮವಾಗದಂತೆ ನಮ್ಮ ಇಲಾಖೆ ಈಗಲೇ ಎಚ್ಚರವಹಿಸಬೇಕು.

ಗಂಡಸರ ಕೆಲಸವೂ ಮೊದಲಿನಂತಿಲ್ಲ. ಬಿಡದಿಯಲ್ಲಿ 1999ರಲ್ಲಿ ಕಾರು ತಯಾರಿಕೆ ಶುರುವಾದಾಗ ಐ.ಟಿ.ಐ. ಓದಿದ ಹುಡುಗರಿಗೆ ಕಾಯಂ ಕೆಲಸದ ಆಸೆ ಹುಟ್ಟಿತ್ತು. ಈಗ ಗುತ್ತಿಗೆ, ಟ್ರೈನಿ ಎಂದು ಸೇರಿ ಒಂದೆರಡು ವರ್ಷಕ್ಕೆ ಹೊರಬರುವವರೇ ಹೆಚ್ಚು. ಊರಲ್ಲೇ ಉಳಿದು ಬೇಸಾಯ ಮಾಡುವವನಿಗೆ ಹೆಣ್ಣು ಸಿಗುವುದಿಲ್ಲ. 2023ರ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಮದುವೆಯಾಗದ ರೈತ ಯುವಕರು ಪಾದಯಾತ್ರೆ ಹೊರಟಾಗ ಟಿ.ವಿ.ಗಳು ನಗೆಚಾಟಿಕೆ ಮಾಡಿದವು. ನಗುವ ವಿಷಯ ಅದಲ್ಲ. ಹಿಂದಿನ ತಲೆಮಾರಿನಲ್ಲಿ ಹೆಣ್ಣುಭ್ರೂಣ ಕಳೆದದ್ದರ ಫಲ ಅದರಲ್ಲಿದೆ. ಹುಳುಮನೆ, ಕೊಟ್ಟಿಗೆ, ಅಡುಗೆಮನೆ ಮೂರರಲ್ಲೂ ಪುಕ್ಕಟೆ ದುಡಿದ ಅವ್ವನನ್ನು ನೋಡಿ ಬೆಳೆದ ಮಗಳು ಆ ಬಾಳು ನನಗೆ ಬೇಡ ಎಂದ ಮಾತೂ ಇದೆ. ಪಿ.ಯು.ಸಿ. ಮುಗಿಸಿದ ಹುಡುಗಿ ಹೊಲವನ್ನು ಹೀನವೆಂದು ಬಿಟ್ಟವಳಲ್ಲ. ಹೊಲದಲ್ಲಿ ಅವಳ ಹೆಸರಿಲ್ಲ.

ಸರ್ಕಾರವೇ ದೊಡ್ಡ ಮಾಲೀಕನಾಗಿರುವ ಕಡೆ ಏನು ನಡೆದಿದೆ? ಅಂಗನವಾಡಿ, ಆಶಾ, ಬಿಸಿಯೂಟ: ಹಳ್ಳಿಯ ಹೆಂಗಸಿಗೆ ಊರಲ್ಲೇ ಸಿಗುವ ಈ ಮೂರು ಕೆಲಸಕ್ಕೂ ಕೊಡುವುದು ಸಂಬಳವಲ್ಲ, ಗೌರವಧನ. ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದಾಗ ನಮ್ಮ ತಿರುಮಕೂಡಲು ನರಸೀಪುರವೂ ಅದರಲ್ಲಿತ್ತು. ಅಲ್ಲಿನ ಕಾರ್ಯಕರ್ತೆಯರಿಗೆ ಗ್ರಾಚ್ಯುಟಿ ಸಿಗಬೇಕು ಎಂದು ಸುಪ್ರೀಂ ಕೋರ್ಟ್ ಹೇಳಲು 2022ರ ಏಪ್ರಿಲ್ ಬರಬೇಕಾಯಿತು. ಕೊರೊನಾದಲ್ಲಿ ಮನೆಮನೆ ತಿರುಗಿದ ಆಶಾ ಕಾರ್ಯಕರ್ತೆಯರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮಲಗಿ ತಿಂಗಳಿಗೆ 10,000 ರೂಪಾಯಿಯ ಭರವಸೆ ಪಡೆಯಬೇಕಾಯಿತು. ಕೂಸು, ಬಾಣಂತಿ, ಅಡುಗೆ ನೋಡಿಕೊಳ್ಳುವುದು ಹೆಂಗಸಿಗೆ ಹುಟ್ಟಿನಿಂದ ಬಂದದ್ದು, ಅದಕ್ಕೇನು ಸಂಬಳ ಎಂಬ ಭಾವನೆ ಗಂಡನ ಮನೆಯಿಂದ ವಿಧಾನಸೌಧದವರೆಗೂ ಒಂದೇ. ಸಂಬಳವಿಲ್ಲದ ದುಡಿಮೆಗೆ ಗೌರವ ಸಿಕ್ಕಿದ್ದೂ ಉಂಟು: ಮಾಗಡಿ ತಾಲ್ಲೂಕಿನ ಹುಲಿಕಲ್‌ನ ತಿಮ್ಮಕ್ಕ ಕೂಲಿ ಮಾಡಿ ಬಂದು, ಗಂಡನೊಂದಿಗೆ ಕುದೂರು ರಸ್ತೆಯ ಆಲದ ಸಸಿಗಳಿಗೆ ಬಿಂದಿಗೆಯಲ್ಲಿ ನೀರು ಹೊತ್ತರು. 2019ರಲ್ಲಿ ಪದ್ಮಶ್ರೀ ಬಂತು, 2025ರ ನವೆಂಬರ್‌ನಲ್ಲಿ ಅವರು ತೀರಿಕೊಂಡಾಗ ರಾಜ್ಯವೇ ಕಂಬನಿ ಮಿಡಿಯಿತು. ಆ ಗೌರವ ಅವರಿಗೆ ಸಲ್ಲಬೇಕಾದದ್ದು. ಕೂಲಿಯಿಂದ ಬಂದ ಮೇಲೂ ಬಿಂದಿಗೆ ಹೊರುವ ಉಳಿದ ಹೆಂಗಸರಿಗೆ ಸಲ್ಲಬೇಕಾದದ್ದೂ ಇದೆ.

ಮನೆಯ ಆ ಕೆಲಸವನ್ನು ದೇಶ ಅಳೆದೂ ಆಗಿದೆ. 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಒಂದು ದಿನದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡಿದವರು ಹೆಂಗಸರಲ್ಲಿ ನೂರಕ್ಕೆ 81, ಗಂಡಸರಲ್ಲಿ 26. ಮಾಡಿದವರ ಪೈಕಿ ಹೆಂಗಸರು ಕಳೆದದ್ದು 299 ನಿಮಿಷ, ಗಂಡಸರು 97. ಐದು ವರ್ಷದ ಮೇಲೆ 2024ರಲ್ಲಿ ಮತ್ತೆ ಅಳೆದಾಗ ಹೆಂಗಸರದು 289ಕ್ಕೆ ಇಳಿದಿತ್ತು, ಗಂಡಸರದು 88ಕ್ಕೆ. ಹೊರಗೆ ದುಡಿಯುವ ಹೆಂಗಸರ ಸಂಖ್ಯೆ ಅಷ್ಟು ಏರಿದ ಕಾಲದಲ್ಲೇ ಗಂಡಸು ಸೌಟು ಹಿಡಿಯುವ ಹೊತ್ತು ಇನ್ನೂ ಕಡಿಮೆಯಾಯಿತು.

ಹಾಗಾದರೆ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ? ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ 26 ವಾರದ ರಜೆ ಕೊಟ್ಟಿತು, 50 ಅಥವಾ ಹೆಚ್ಚು ಮಂದಿ ಇರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕೆಂದಿತು. ರಜೆಯ ಸಂಬಳ ಪೂರ್ತಿ ಮಾಲೀಕನೇ ಕೊಡಬೇಕಾದ ಕಡೆ ಅವನು ಹೊಸದಾಗಿ ಮದುವೆಯಾದವಳನ್ನು ತೆಗೆದುಕೊಳ್ಳಲು ಹಿಂದೆಮುಂದೆ ನೋಡುತ್ತಾನೆ. ಕರ್ನಾಟಕ ‘ಕೂಸಿನ ಮನೆ’ ಎಂದು 4,000 ಗ್ರಾಮ ಪಂಚಾಯಿತಿಗಳಲ್ಲಿ ಶಿಶುಪಾಲನಾ ಕೇಂದ್ರ ತೆರೆಯಲು ಹೊರಟಿತು. ಒಳ್ಳೆಯ ಯೋಜನೆ, ಆದರೆ ಉದ್ಯೋಗ ಖಾತ್ರಿ ಕೂಲಿಗೆ ಹೋಗುವವರನ್ನು ಮುಖ್ಯವಾಗಿ ಎಣಿಸಿ ಮಾಡಿದ್ದು. ಅಂಗನವಾಡಿ ಬೆಳಿಗ್ಗೆ ಒಂಬತ್ತೂವರೆಗೆ ತೆರೆದು ಸಂಜೆ ನಾಲ್ಕಕ್ಕೆ ಮುಚ್ಚುತ್ತದೆ. ಹಾರೋಹಳ್ಳಿಗೆ ಹೋಗುವ ತಾಯಿ ಮನೆ ಬಿಡುವುದು ಏಳಕ್ಕೆ, ಸೇರುವುದು ರಾತ್ರಿ ಏಳಕ್ಕೆ. ಬೆಳಿಗ್ಗೆ ಎರಡೂವರೆ ಗಂಟೆ, ಸಂಜೆ ಮೂರು ಗಂಟೆ ಮಗು ಅಜ್ಜಿಯ ಮಡಿಲಲ್ಲಿರುತ್ತದೆ.

ಈ ಸೀಮೆಯ ಗಾರ್ಮೆಂಟ್ಸ್, ಆಸ್ಪತ್ರೆಯ ಹೌಸ್‌ಕೀಪಿಂಗ್, ಬೆಂಗಳೂರಿನ ಮನೆಗೆಲಸ ಎಲ್ಲವೂ ಆ ಅಜ್ಜಿಯ ಮೇಲೆ ನಿಂತಿವೆ. 65 ದಾಟಿದ್ದರೆ ಸಂಧ್ಯಾ ಸುರಕ್ಷೆಯ 1,200 ರೂಪಾಯಿ ಅವಳಿಗೆ ಬರುತ್ತದೆ, ದಾಟದಿದ್ದರೆ ಅದೂ ಇಲ್ಲ. ಅವಳು ಜೀವನಪೂರ್ತಿ ಹೊಲ, ಹುಳುಮನೆಯಲ್ಲಿ ದುಡಿದವಳಾದ್ದರಿಂದ ಊರಲ್ಲೇ ಇದ್ದಾಳೆ. ಈಗ ಲೈನಿನಲ್ಲಿ ಕೂತಿರುವ ಮಗಳು ನಲವತ್ತೈದಕ್ಕೆ ಅಲ್ಲಿಂದ ಹೊರಬಿದ್ದು, ಪಿ.ಎಫ್. ಖರ್ಚಾಗಿ, ಯಾವುದೋ ಅಪಾರ್ಟ್‌ಮೆಂಟಿನಲ್ಲಿ ನೆಲ ಒರೆಸುತ್ತಿರುವಾಗ ಅವಳ ಮೊಮ್ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇರುವುದಿಲ್ಲ. ಕೋಡಿಹಳ್ಳಿಯ ಅಂಗನವಾಡಿ ಬೆಳಿಗ್ಗೆ ಏಳಕ್ಕೆ ತೆರೆದು ಸಂಜೆ ಏಳರವರೆಗೆ ನಡೆಯಬೇಕು, ಅಲ್ಲಿ ಎರಡು ಪಾಳಿಗೆ ಇಬ್ಬರು ಕಾರ್ಯಕರ್ತೆಯರಿರಬೇಕು, ಅವರಿಗೆ ಸಂಬಳವೇ ಸಿಗಬೇಕು. ಹಾರೋಹಳ್ಳಿ, ಬಿಡದಿಯ ಕಾರ್ಖಾನೆಗಳ ತೆರಿಗೆಯಲ್ಲಿ ಇದಕ್ಕೊಂದು ಪಾಲು ತೆಗೆದಿಡಲು ಮುಂದಿನ ಬಜೆಟ್ಟಿನಲ್ಲೇ ಶುರುಮಾಡಬಹುದು.